ವಾಸಪ್ಪನ ಗುಂಡಿಯ ಮೀನುಗಳು

ಮೆಣಸೆ ಊರಿನ ನಮ್ಮ ತೋಟದಲ್ಲಿ ವಾಸಪ್ಪ ಮೂವತ್ತು ವರ್ಷದಿಂದ ಅಡಿಕೆ ಮರ ಹತ್ತಿ ಔಷಧಿ ಹೊಡೆಯುತ್ತಿದ್ದಾನೆ. ಮದುವೆ ಆಗಲಿಲ್ಲ, ಯಾಕೆಂದು ನಾನೂ ಕೇಳಲಿಲ್ಲ. ಕೆಲಸ, ಕೂಲಿ, ಒಂದು ಲೋಟ ಕಾಫಿ, ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯುತ್ತಿತ್ತು.

ತೋಟದ ಕೆಳಗಿನ ಹಳ್ಳದಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಗುಂಡಿಯಿದೆ. ಅದರ ದಂಡೆಯಲ್ಲೇ ಅವನ ಮನೆ. ದಿನಾ ಸಂಜೆ ಒಂದು ತುತ್ತು ಅನ್ನ ಉಳಿಸಿಕೊಂಡು ಹೋಗಿ ನೀರಿಗೆ ಕೈ ಅದ್ದುತ್ತಿದ್ದ. ಬೆರಳುದ್ದದ ಮೀನುಗಳು ಬಂದು ಅಂಗೈಯಿಂದಲೇ ತಿನ್ನುತ್ತಿದ್ದವು. ನಮ್ಮ ಹತ್ತಿರ ಆಡದ ಮಾತನ್ನೆಲ್ಲ ಅವುಗಳ ಹತ್ತಿರ ಆಡುತ್ತಿದ್ದ. ಇವನಿಗೆಲ್ಲೋ ತಲೆ ಕೆಟ್ಟಿದೆ ಎಂದು ನಾನು ನಕ್ಕದ್ದೂ ಉಂಟು.

ಹೋದ ವರ್ಷ ನನಗೆ ಅಡಿಕೆಯ ಕೊಳೆರೋಗದ ಹೆದರಿಕೆ. ಮಳೆ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣದ ಔಷಧಿ ಹೊಡೆಸಿದೆ. ಔಷಧಿ ಕಲಸಿದ ಡ್ರಮ್ಮಿನ ತಳದಲ್ಲಿ ನೀಲಿ ಗಷ್ಟು ಉಳಿದಿತ್ತು. ಎಲ್ಲಿ ತೊಳೆಯಲಿ ಎಂದು ವಾಸಪ್ಪ ಕೇಳಿದ. ನನಗೆ ನನ್ನ ಬಾವಿಯದೇ ಚಿಂತೆ.

"ಬಾವಿ ಹತ್ರ ತರಬೇಡ ಮಾರಾಯ. ಯಾವಾಗಿನ ಹಾಗೆ ಹಳ್ಳದಲ್ಲೇ ತೊಳಿ" ಎಂದೆ.

ಪ್ರತಿ ವರ್ಷ ಮಳೆ ಬಿದ್ದ ಮೇಲೆ ತೊಳೆಯುತ್ತಿದ್ದೆವು, ಹಳ್ಳ ಎಲ್ಲವನ್ನೂ ತುಂಗೆಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಆಮೇಲೆ ಏನಾಯಿತೆಂದು ಯಾರು ನೋಡಿದವರು! ಆ ಸಲ ಹಳ್ಳ ಹರಿಯುತ್ತಲೇ ಇಲ್ಲ, ವಿಷ ಗುಂಡಿಯಲ್ಲೇ ನಿಲ್ಲುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಗುಂಡಿಯ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಏಡಿ, ಬಸವನಹುಳು ಕೂಡ ಉಳಿಯಲಿಲ್ಲ. ವಾಸಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನೆ ತೊಳೆಯಕ್ಕೆ ಕೈ ಅದ್ದಿದ್ದೇ ತಡ, ಅನ್ನ ಅಂತ ಬಂದ್ವು ಅಕ್ಕಾ. ಡ್ರಮ್ಮಿನ ಸುತ್ತಲೇ ಇದ್ವು" ಎಂದ.

ವಾರದೊಳಗೆ ಮಿಂಚುಳ್ಳಿ ಬರುವುದು ನಿಂತಿತು. ಅದಕ್ಕೆ ಅಲ್ಲಿ ತಿನ್ನಲು ಏನಿತ್ತು? ನೀರಿನಲ್ಲಿ ಸೊಳ್ಳೆಮರಿ ಮಿಜಿಮಿಜಿ ಎನ್ನತೊಡಗಿದವು, ತಿನ್ನುವ ಮೀನಿರಲಿಲ್ಲ. ಇಡೀ ಕೇರಿ ಸೊಳ್ಳೆಗೆ ಶಾಪ ಹಾಕಿತು. ತಪ್ಪು ನನ್ನದೆಂದು ನಾನು ಬಾಯಿ ಬಿಡಲಿಲ್ಲ. ತೋಟದ ಮೂಲೆಯಲ್ಲಿ ಡ್ರಮ್ಮು ತೊಳೆಯಲು ಬೇರೆ ಹೊಂಡ ತೆಗೆಸಿ, ಸಿಮೆಂಟು ಹಾಕಿಸಿದೆ, ಅಷ್ಟೇ.

ಮಳೆ ಜೋರಾದಾಗ ಹೊಳೆಯಿಂದ ಹೊಸ ಮೀನು ಹತ್ತಿ ಬಂದವು. ನನಗೆ ಎದೆ ಹಗುರಾಯಿತು. ಓಡಿಹೋಗಿ ವಾಸಪ್ಪನನ್ನು ಕರೆತಂದು ತೋರಿಸಿದೆ, ಅನ್ನ ಹಾಕೆಂದೆ. ಅವನು ಕೈ ಕಟ್ಟಿಕೊಂಡೇ ನಿಂತ.

"ಇವಕ್ಕೆ ನನ್ನ ಗುರ್ತಿಲ್ಲ ಅಕ್ಕಾ. ಈ ಊರಲ್ಲಿ ನನ್ನ ಗುರ್ತಿದ್ದಿದ್ದು ಅವಕ್ಕೆ ಮಾತ್ರ."

ಮೂವತ್ತು ವರ್ಷ ಅವನಿಂದ ಕೆಲಸ ಮಾಡಿಸಿಕೊಂಡ ನಾನು ಪಕ್ಕದಲ್ಲೇ ನಿಂತಿದ್ದೆ.