ಮಾವ ಒರಗುತ್ತಿದ್ದ ಗೋಡೆ

ನಾನು ಸೊಸೆಯಾಗಿ ಬಂದ ಮನೆ ಜವನಗೊಂಡನಹಳ್ಳಿಯ ಮಗ್ಗುಲಿನ ಒಂದು ಸಣ್ಣ ಊರಿನಲ್ಲಿತ್ತು. ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಪಡಸಾಲೆಯ ನಡುವೆ ಒಂದೇ ಒಂದು ಬೆಳಕಿಂಡಿ. ಮಧ್ಯಾಹ್ನ ಉಂಡೆದ್ದ ಮೇಲೆ ಅದರಿಂದ ಇಳಿದ ಬಿಸಿಲು ಒಳಗೋಡೆಯ ಬುಡ ಮುಟ್ಟುವ ಹೊತ್ತಿಗೆ ನನ್ನ ಮಾವ ಅಲ್ಲಿ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ವರ್ಷಗಟ್ಟಲೆ ಹಾಗೆ ಕೂತು, ತಲೆಯ ಎಣ್ಣೆ, ಬೆನ್ನಿನ ಬೆವರು ಹಿಡಿದು ಅಲ್ಲೊಂದು ಕಪ್ಪು ಗುರುತು ಬಿದ್ದಿತ್ತು. ಮೇಲೆ ತಲೆಯಷ್ಟು ದುಂಡಗೆ, ಕೆಳಗೆ ಬೆನ್ನಷ್ಟು ಅಗಲ. ಅವರು ಎದ್ದು ಹೋದ ಮೇಲೂ ಅಲ್ಲಿ ಯಾರೋ ಕೂತ ಹಾಗೇ ಕಾಣುತ್ತಿತ್ತು. ಹೊಸದರಲ್ಲಿ ನಾನು ಒಂದೆರಡು ಸಲ ಆ ಗುರುತಿಗೇ ಸೆರಗು ಸರಿಮಾಡಿಕೊಂಡದ್ದುಂಟು.

ಅವರು ಕೂತರೆ ಮನೆಯ ಕಂದು ನಾಯಿ ಬಂದು ತೊಡೆಯ ಪಕ್ಕ ಬೀಳುತ್ತಿತ್ತು. ಮಾವ ಅದರ ಕಿವಿ ಮಗುಚಿ, ಕಾಲಿನ ಬೆರಳ ಸಂದು ಬಿಡಿಸಿ, ಬಾಲದ ಬುಡ ತಡವಿ ಉಣುಗು ಹುಡುಕುತ್ತಿದ್ದರು. ರಕ್ತ ಕುಡಿದ ಉಣುಗು ಹರಳು ಬೀಜದ ಹಾಗೆ ಉಬ್ಬಿರುತ್ತದೆ. ಅದನ್ನು ಹೊಟ್ಟೆಯಲ್ಲಿ ಹಿಡಿಯಬಾರದು. ಚರ್ಮಕ್ಕೆ ತೀರ ಹತ್ತಿರ ಉಗುರು ಒಯ್ದು, ತಿರುಚದೆ, ಅವಸರವಿಲ್ಲದೆ ನೆಟ್ಟಗೆ ಎಳೆಯಬೇಕು. ಬಾಯಿ ಒಳಗೇ ಮುರಿದು ಉಳಿದರೆ ಅಲ್ಲಿ ಕೀವಾಗುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಅವರ ಬೆರಳು ನೋಡಿಯೇ.

ಆದರೆ ತೆಗೆದ ಉಣುಗನ್ನು ಅವರು ಕೊಲ್ಲುತ್ತಿರಲಿಲ್ಲ. ಎದೆಯ ಮೇಲೆ ಲಿಂಗವಿರುವವರು ಜೀವ ಹೊಸಕಬಾರದೆಂದು ಅವರ ನೇಮ. ಬೆನ್ನ ಹಿಂದೆ ಗೋಡೆಯ ಗಿಲಾವು ಬಿರುಕು ಬಿಟ್ಟಿತ್ತು. ಒಂದೊಂದನ್ನೇ ಆ ಬಿರುಕಿನೊಳಗೆ ಮೆಲ್ಲಗೆ ಬಿಡುತ್ತಿದ್ದರು.

ಹೊರಗೆ ಯಾಕೆ ಬಿಡುವುದಿಲ್ಲವೆಂದು ಒಮ್ಮೆ ನಾನು ಕೇಳಿದೆ. “ಹೊರಗೆ ಹಾಕಿದ್ರೆ ಇರುವೆ ತಿಂತವಲ್ಲಮ್ಮ. ಇಲ್ಲೇ ಎಲ್ಲೋ ಒಂದ್ಕಡೆ ಬಿದ್ದಿರ್ಲಿ ಬಿಡು” ಅಂದರು.

ಒಳಗಿನಿಂದ ಅತ್ತೆಯ ದನಿ ಬಂತು: “ನನಗೊಂದು ಸೀರೆ ಮಡಚಿಡಾಕೆ ಗೂಡು ಮಾಡಿಕೊಡ್ಲಿಲ್ಲ. ಉಣುಗಿಗೆ ಮನೆ ಕಟ್ಟಿಕೊಡ್ತಾವ್ರೆ ನೋಡು.”

ಮಾವ ನಕ್ಕರು. ನಾಯಿಯ ಇನ್ನೊಂದು ಕಿವಿ ಮಗುಚಿದರು.

ಆಮೇಲಿನದು ಪ್ಲೇಗಿನ ವರ್ಷ. ಕಾಳು ತುಂಬುವ ಹಗೇವಿನ ಹತ್ತಿರ ಇಲಿ ಸತ್ತು ಬಿದ್ದದ್ದೇ ತಡ, ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಿತು. ನಾವೂ ಹೋದೆವು, ನಾಯಿಯೂ ಬಂತು. ಹೋದ ಐದನೆಯ ವಾರ ಮಾವನಿಗೆ ಕಂಕುಳಲ್ಲಿ ಗಂಟು ಕಾಣಿಸಿತು. ಮೂರನೆಯ ದಿನ ಹೋಗಿಬಿಟ್ಟರು. ಊರೊಳಕ್ಕೆ ಒಯ್ಯುವ ಹಾಗಿರಲಿಲ್ಲ, ಹೊಲದ ಬದುವಿನಲ್ಲೇ ಸಮಾಧಿ ಮಾಡಿದೆವು. ಅತ್ತೆ ಅಳಲಿಲ್ಲ. ಗುಡಿಸಲ ಮುಂದೆ ಕೂತು ಊರಿನ ಕಡೆಯೇ ನೋಡುತ್ತಿದ್ದರು. “ಆ ಜೀವ ಇಲ್ಲಿ ನಿಲ್ಲಂಗಿಲ್ಲ ಕಣೆ. ಮನೆಗೆ ಹೋಗಿರ್ತಾರೆ. ಹೋಗಿ ಅವರ ಜಾಗದಾಗೆ ಕುಂತಿರ್ತಾರೆ” ಅಂದರು.

ಆರು ತಿಂಗಳಾಗಿ ಬೇನೆ ಇಳಿದ ಮೇಲೆ ಒಂದು ಮಧ್ಯಾಹ್ನ ಅತ್ತೆಯೂ ನಾನೂ ನಾಯಿಯನ್ನು ಕರೆದುಕೊಂಡು ಮನೆಗೆ ಬಂದೆವು. ನನ್ನ ಯಜಮಾನರು ಬಾಡಿಗೆ ಗಾಡಿ ಹೂಡಿಕೊಂಡು ಹೊಳಲ್ಕೆರೆ ಕಡೆ ಹೋಗಿದ್ದರು, ಅವರು ತಿರುಗಿ ಬರುವುದಕ್ಕೆ ಇನ್ನೂ ಎರಡು ಮೂರು ತಿಂಗಳು ಬೇಕಿತ್ತು. ಬೀದಿಯಲ್ಲಿ ಮೊಣಕಾಲುದ್ದ ಹುಲ್ಲು. ಒಂದು ಮನೆಯಲ್ಲೂ ಹೊಗೆಯಿಲ್ಲ. ಯಾರದೋ ಬಾಗಿಲಿನ ಚಿಲಕದ ಸರಪಳಿ ಗಾಳಿಗೆ ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿತ್ತು.

ನಾನು ಬಾಗಿಲು ತೆಗೆದೆ. ನಾಯಿ ಹೊಸ್ತಿಲಲ್ಲಿ ನಿಂತುಬಿಟ್ಟಿತು. ಅದರ ಬೆನ್ನ ಮೇಲಿನ ಕೂದಲು ಒಂದೇ ಗೆರೆಯಾಗಿ ಎದ್ದಿತ್ತು, ಕಣ್ಣು ಒಳಗೋಡೆಯ ಮೇಲೆ ನೆಟ್ಟಿತ್ತು. ಗುರುಗುಟ್ಟಿತು, ಆಮೇಲೆ ಮೂಗೆತ್ತಿ ವಾಸನೆ ಹಿಡಿದು ಕುಂಯ್‌ಗುಟ್ಟಿತು. ಅದು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಮಾವನ ಗುರುತು ಅಲ್ಲೇ ಇತ್ತು. ಆದರೆ ನನ್ನ ನೆನಪಿನಲ್ಲಿದ್ದದ್ದಕ್ಕಿಂತ ದೊಡ್ಡದಾಗಿತ್ತು. ಭುಜ ಅಗಲವಾಗಿತ್ತು. ಬಿಸಿಲಿನಿಂದ ಕತ್ತಲೆಗೆ ಬಂದ ಕಣ್ಣು, ಹಾಗೆ ಕಾಣುತ್ತದೆ ಅಂದುಕೊಂಡೆ.

“ನೋಡಿದ್ಯಾ? ಕುಂತವ್ರೆ” ಅಂದರು ಅತ್ತೆ. ಅವರ ಕಣ್ಣಿನಲ್ಲಿ ಆಗ ನೀರು ಬಂತು. ಗಂಟಿನಿಂದ ಒಂದು ರೊಟ್ಟಿ ತೆಗೆದು ಆ ಗೋಡೆಯ ಬುಡದಲ್ಲಿಟ್ಟು ನಾಯಿಯನ್ನು ಕರೆದರು. ಅದು ಬಹಳ ಹೊತ್ತು ಬರಲಿಲ್ಲ. ಆಮೇಲೆ ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ತೆವಳುತ್ತ ಬಂತು.

ಮಾರನೆಯ ದಿನದಿಂದ ನಾಯಿ ಅಲ್ಲೇ ಮಲಗತೊಡಗಿತು. ಅತ್ತೆ ಎದುರಿಗೆ ಕಂಬಕ್ಕೆ ಒರಗಿ ಕೂತು ಗೋಡೆಯ ಜೊತೆ ಮಾತಾಡುತ್ತಿದ್ದರು. ರಾಗಿ ಎಷ್ಟಾಯಿತು, ಎಮ್ಮೆ ಯಾವಾಗ ಈಯುತ್ತದೆ, ಯಾರ ಮನೆಯವರು ಊರಿಗೆ ಮರಳಿದರು. ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ನಡುನಡುವೆ ಅವರು ಮಾತು ನಿಲ್ಲಿಸಿ, ಉತ್ತರ ಕೇಳಿಸಿಕೊಂಡವರ ಹಾಗೆ, “ಹೂಂ, ಅದೂ ಸರಿ” ಅನ್ನುತ್ತಿದ್ದರು. ಆ ಹೊತ್ತಿನಲ್ಲಿ ನಾನು ಹಿಂತಿರುಗಿ ನೋಡುತ್ತಿರಲಿಲ್ಲ.

ಹದಿನೈದು ದಿನದಲ್ಲಿ ನಾಯಿ ಸೊರಗಿತು. ಹೊಲದಲ್ಲಿದ್ದಾಗ ಅದರ ಮೈ ಶುದ್ಧವಾಗಿತ್ತು. ದಿನಕ್ಕೊಂದು ಕಡೆ ಬಿಸಿಲಲ್ಲಿ ಮಲಗುತ್ತಿತ್ತು. ಈಗ ಕಿವಿಯೊಳಗೆ, ಕೊರಳ ಹಗ್ಗದ ಕೆಳಗೆ, ರೆಪ್ಪೆಯ ಅಂಚಿನಲ್ಲಿ ಕೂಡ ಉಣುಗು. ದಿನಾ ಅಂಗಳಕ್ಕೆ ಎತ್ತಿಕೊಂಡು ಹೋಗಿ ಒಂದೂ ಬಿಡದೆ ತೆಗೆಯುತ್ತಿದ್ದೆ. ಕೊಲ್ಲಲು ನನಗೂ ಕೈ ಬರಲಿಲ್ಲ, ತೆಂಗಿನ ಚಿಪ್ಪಿನಲ್ಲಿ ತುಂಬಿ ದೂರದ ಬೇಲಿಯಾಚೆ ಸುರಿದು ಬರುತ್ತಿದ್ದೆ. ಬೆಳಗಾದರೆ ಮತ್ತೆ ಅಷ್ಟೇ ಇರುತ್ತಿದ್ದವು. ಹೊಂಗೆ ಎಣ್ಣೆಗೆ ಅರಿಸಿನ ಕಲಸಿ ಹಚ್ಚಿದೆ. ಅದಕ್ಕೂ ಬಗ್ಗಲಿಲ್ಲ. ನಾಯಿ ರೊಟ್ಟಿ ಮೂಸಿ ಬಿಡುವಂತಾಯಿತು. ನಿಂತರೆ ಹಿಂಗಾಲು ನಡುಗುತ್ತಿತ್ತು.

“ಯಾಕೆ ಒದ್ದಾಡ್ತೀಯ? ಅವರು ಕರೀತಾವ್ರೆ” ಅಂದರು ಅತ್ತೆ. ಸಿಟ್ಟಿಲ್ಲದೆ, ಸಮಾಧಾನದಿಂದ ಅಂದರು. “ಹೋಗ್ಲಿ ಬಿಡು. ಅಲ್ಲಿ ಅವರಿಗೊಂದು ಜೊತೆ ಬೇಕಲ್ಲ.”

ಮಾವ ಹೋದಾಗ ನನ್ನಿಂದ ಏನೂ ಮಾಡಲಾಗಿರಲಿಲ್ಲ. ಈ ನಾಯಿಯನ್ನೂ ಹಾಗೆ ನೋಡುತ್ತ ಕೂರಲಾರೆ ಅನ್ನಿಸಿತು.

ಮೂರು ದಿನಕ್ಕೊಮ್ಮೆ ರಾಗಿ ಹಿಟ್ಟಿಗೆಂದು ನಮ್ಮ ಮನೆಗೆ ಬರುತ್ತಿದ್ದ ಒಬ್ಬ ಕುರಿಗಾರ ಹೆಂಗಸಿದ್ದಳು. ಅಂದು ಬಂದವಳು ಅಂಗಳದಲ್ಲಿ ನಾಯಿಯ ತುಟಿ ಎತ್ತಿ ನೋಡಿದಳು. ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

“ರಕ್ತ ಎಲ್ಲಾ ಹೀರವೆ. ಏನ್ ಹಚ್ಚೀಯ?”

“ಹೊಂಗೆ ಎಣ್ಣೆ. ನಾಳೆ ಸೀತಾಫಲದ ಬೀಜ ಅರೆದು ಹಚ್ಚಾಣ ಅಂತ ಇದ್ದೀನಿ.”

“ಬ್ಯಾಡ ತಾಯಿ. ಅದು ಕಣ್ಣಿಗೆ ಬಿದ್ರೆ ಕಣ್ಣೇ ಹೋಗ್ತಾವೆ. ಆಮೇಲೆ ಕುರುಡು ನಾಯಿ ಕಟ್ಕೊಂಡು ಕಳ್ಳನ್ನ ಹಿಡೀತೀಯ?” ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಇದು ಮಲಗಾದು ಎಲ್ಲಿ?”

ಪಡಸಾಲೆಯ ಕಡೆ ಕೈ ತೋರಿಸಿದೆ.

“ನಾಯಿ ಮ್ಯಾಲೆ ಇರಾವು ಹತ್ತಾದ್ರೆ, ಅದು ಮಲಗೋ ಜಾಗದಾಗೆ ನೂರು ಇರ್ತವೆ. ಹೊಟ್ಟೆ ತುಂಬಿದ್ ಮ್ಯಾಲೆ ಉದುರಿ ಗೋಡೆ ಹತ್ತಿ ಮೊಟ್ಟೆ ಇಡ್ತವೆ. ಉಪವಾಸ ಇದ್ರೂ ಸಾಯಲ್ಲ, ತಿಂಗಳುಗಟ್ಟಲೆ ಕಾಯ್ತವೆ. ನೀನು ಇದರ ಮೈಯಾಗೆ ಹುಡುಕಿದ್ದು ಸಾಕು. ಹೋಗಿ ಗೋಡೆ ನೋಡು.”

ಅವಳು ಹೋದ ಮೇಲೆ ನಾನು ಒಳಗೆ ಬಂದೆ. ಬೆಳಕಿಂಡಿಯ ಬಿಸಿಲು ಆಗಲೇ ಗೋಡೆಯ ಬುಡಕ್ಕೆ ಬಂದಿತ್ತು. ಮಾವನ ಗುರುತಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಮುಖ ಹತ್ತಿರ ಒಯ್ದೆ. ಮೊದಲು ಕಂಡದ್ದು ಬರೀ ಕಪ್ಪು, ಅದೇ ಎಣ್ಣೆಯ ಜಿಡ್ಡು. ನಾನು ಉಸಿರು ಬಿಟ್ಟೆ. ಆಗ ಆ ಭುಜ ಅಲುಗಿತು.

ನಾನು ಹಿಂದಕ್ಕೆ ಕೂತುಬಿಟ್ಟೆ. ಆಮೇಲೆ ಮತ್ತೆ ಹತ್ತಿರ ಹೋಗಿ ಉಸಿರು ಬಿಟ್ಟೆ. ಒಂದರ ಪಕ್ಕ ಒಂದು ಒತ್ತಿ ಕೂತ ಉಣುಗುಗಳು. ಎಳ್ಳಿನಷ್ಟು ಚಿಕ್ಕವು, ಚಪ್ಪಟೆಯವು, ಹಸಿದವು. ನನ್ನ ಉಸಿರು ತಾಗಿದ್ದೇ ಅಷ್ಟೂ ಒಟ್ಟಿಗೆ ಮುಂಗಾಲು ಎತ್ತಿ ಗಾಳಿಯಲ್ಲಿ ಬೀಸಿದವು, ಎತ್ತಿಕೋ ಎಂದು ಕೈ ಚಾಚುವ ಕೂಸುಗಳ ಹಾಗೆ. ಮಾವ ಒಂದೊಂದಾಗಿ ಒಳಗೆ ಬಿಟ್ಟ ಅದೇ ಬಿರುಕಿನಿಂದ ಅವು ಹೊರಬಂದು, ಅವರ ಬೆನ್ನಿನ ಸುತ್ತ ಇನ್ನೊಂದು ಬೆನ್ನು ಕಟ್ಟಿದ್ದವು.

ಅತ್ತೆಯನ್ನು ಕರೆದೆ. “ಗೋಡೆ ಕೆರೀಬೇಕು ಅತ್ತೆಮ್ಮ. ಇಲ್ದಿದ್ರೆ ನಾಯಿ ಉಳಿಯಲ್ಲ.”

“ಅವರು ಕುಂತಿರೋ ಜಾಗ ಅದು” ಅಂದರು. “ಅವರ ಮಣ್ಣು ಹೊಲದಾಗೆ ಆಯ್ತು. ನನಗೆ ಅಂತ ಉಳಿದಿರಾದು ಇದೊಂದೇ. ಇದನ್ನೂ ಕೆರೀತೀಯೇನೆ?”

ನಾನು ಅವರ ಕೈ ಹಿಡಿದು ಗೋಡೆಯ ಹತ್ತಿರ ಕೂರಿಸಿದೆ. ಅವರು ಆ ಗುರುತಿನ ಮುಂದೆ ಅಂಗೈ ಚಾಚಿದರು, ಮುಟ್ಟಲಿಲ್ಲ. ಕಪ್ಪು ಕದಲಿತು. ಅಂಗೈ ಎತ್ತ ಸರಿಯಿತೋ ಅತ್ತ ಆ ಸಣ್ಣ ಕಾಲುಗಳೂ ತಿರುಗಿದವು. ಅತ್ತೆ ಕೈ ಹಿಂತೆಗೆಯದೆ ಬಹಳ ಹೊತ್ತು ನೋಡಿದರು. ಬಾಗಿಲ ಹತ್ತಿರ ಬಿದ್ದಿದ್ದ ನಾಯಿ, ಎದ್ದು ತನ್ನ ಜಾಗಕ್ಕೆ ಬರಲು ಹೋಗಿ, ಹಿಂಗಾಲು ಮಡಚಿ ಬಿತ್ತು.

“ಇದು ಅವರಲ್ಲ” ಅಂದರು ಅತ್ತೆ. “ಅವರ ಕೈ ಎಂದೂ ನಾಯಿ ಜೀವ ಹೀರಿದ್ದಲ್ಲ. ಕೆರಿ” ಅಂದರು.

ಅತ್ತೆ ನಾಯಿಯನ್ನು ಕಂಬಳಿಯಲ್ಲಿ ಎತ್ತಿಕೊಂಡು ಹೋಗಿ ಅಂಗಳದ ಬೇವಿನ ನೆರಳಲ್ಲಿ ಮನೆಗೆ ಬೆನ್ನು ಮಾಡಿ ಕೂತರು. ನಾನು ಬಿರುಕಿಗೆ ಕುದಿಯುವ ನೀರು ಹೊಯ್ದೆ. ಹೊಯ್ಯುವಾಗ “ಶಿವಾ” ಅಂದದ್ದು ನನ್ನ ಬಾಯಿಯೇ. ಗಿಲಾವನ್ನು ಎರಡು ಬೆರಳು ಆಳ ಕುಡುಗೋಲಿನಿಂದ ಕೆರೆದು, ಉದುರಿದ ಮಣ್ಣನ್ನು ತಿಪ್ಪೆಯಾಚೆ ಬೆರಣಿ ಹಾಕಿ ಸುಟ್ಟೆ. ಕಡಲೆ ಹುರಿಯುವಾಗ ಸಿಡಿದಂತೆ ಸದ್ದು ಬರುತ್ತಿತ್ತು. ಅತ್ತೆ ಎರಡೂ ಕಿವಿ ಮುಚ್ಚಿದರು, ತಮ್ಮದಲ್ಲ, ನಾಯಿಯದು. ಹೊಸ ಮಣ್ಣು ಮೆತ್ತಿ, ಒಂದು ಬಿರುಕೂ ಬಿಡದೆ ಮೇಲೆ ಸುಣ್ಣ ಬಳಿದೆ. ಮಲಗುವ ಗೋಣಿಯನ್ನು ದಿನಾ ಕೊಡವಿ ಬಿಸಿಲಿಗೆ ಹಾಕಿದೆ.

ನಾಯಿಗೆ ರಾಗಿ ಅಂಬಲಿ, ಅಷ್ಟರಲ್ಲಿ ಈದ ಎಮ್ಮೆಯ ಗಿಣ್ಣುಹಾಲು. ತಿಂಗಳಿಗೆ ಒಸಡಿನಲ್ಲಿ ಕೆಂಪು ಕಾಣಿಸಿತು. ಆ ಮೇಲೆ ಉಣುಗು ಹುಡುಕುವ ಕೆಲಸ ಅತ್ತೆಯೇ ವಹಿಸಿಕೊಂಡರು. ಸಿಕ್ಕಿದ್ದನ್ನು ಕಣ್ಣು ಬೇರೆ ಕಡೆ ಮಾಡಿ ನನ್ನ ಕೈಗೆ ಕೊಡುವರು. ನಾನು ಹೊಂಗೆ ಎಣ್ಣೆಯ ಚಿಪ್ಪಿಗೆ ಹಾಕುವೆ.

ಮಳೆ ಹಿಡಿದ ದಿನಗಳಲ್ಲಿ ಒಂದು ಮಧ್ಯಾಹ್ನ ಅತ್ತೆ ಆ ಗೋಡೆಯ ಎದುರು ಸುಮ್ಮನೆ ನಿಂತಿದ್ದರು. ಎಣ್ಣೆ ನಾನು ಕೆರೆದದ್ದಕ್ಕಿಂತಲೂ ಆಳಕ್ಕೆ ಇಳಿದಿತ್ತೋ ಏನೋ, ಬಿಳಿ ಸುಣ್ಣದ ಒಳಗಿಂದ ತೆಳ್ಳಗೆ ಅದೇ ಗುರುತು ಮತ್ತೆ ಮೂಡಿತ್ತು. ಮೇಲೆ ದುಂಡಗೆ, ಕೆಳಗೆ ಅಗಲ, ಮೊದಲಿನಷ್ಟೇ ಅಳತೆ. ನಾಯಿ ಬಂದು ಮೂಸಿ, ಬಾಲ ಅಲ್ಲಾಡಿಸಿ, ಅದರ ಪಕ್ಕ ಬಿದ್ದುಕೊಂಡಿತು. ಅತ್ತೆ ಕಂಬಕ್ಕೆ ಒರಗಿ ಕೂತು, ಅಷ್ಟು ದಿನ ಹೇಳದೆ ಉಳಿದಿದ್ದ, ಎಮ್ಮೆ ಈದ ಸುದ್ದಿ ಹೇಳತೊಡಗಿದರು.

ನಾನು ಹತ್ತಿರ ಹೋಗಿ ಮುಖವಿಟ್ಟು ಉಸಿರು ಬಿಟ್ಟು ನೋಡಿದೆ. ಏನೂ ಅಲುಗಲಿಲ್ಲ. ಸೆರಗು ಸರಿಮಾಡಿಕೊಂಡು ಒಲೆಯ ಕಡೆ ಹೋದೆ.