ಮುಂಗಾಲಿನ ಕಡೆಯಿಂದ ಮೂರನೇ ಹೊಲಿಗೆ

ಶಕುನ, ಮುನ್ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ದನದ ಡಾಕ್ಟರು; ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಅಷ್ಟೇ ನಿಜ ಎಂಬ ಜಂಬ ಬೇರೆ. ಆ ಜಂಬ ಮುರಿದದ್ದು ಶಿರಾ ಸೀಮೆಯ ಒಂದು ಹಳ್ಳಿಯಲ್ಲಿ, ಕಂಬಳಿ ನೇಯುತ್ತಿದ್ದ ಸಣ್ಣಕ್ಕನ ಹಸುವಿನಿಂದ.

ಆಗ ಕೆಲಸಕ್ಕೆ ಸೇರಿದ ಹೊಸತು. ಹರ್ನಿಯಾ ಆದ ದನಗಳ ಹರಿದ ಹೊಟ್ಟೆಗೆ ಒಳಗಿನಿಂದ ತೇಪೆ ಹಾಕಲು ಯಾವುದು ವಾಸಿ ಎಂದು ಹೋಲಿಸಿ ನೋಡುವ ಹುಚ್ಚು ಹಿಡಿದಿತ್ತು. ಕೆಲವಕ್ಕೆ ಕಂಪನಿಯ ಹೆಣೆದ ಜಾಲರಿ, ಕೆಲವಕ್ಕೆ ಕುದಿಸಿ ಶುದ್ಧ ಮಾಡಿದ ನೈಲಾನ್ ಬಟ್ಟೆ ಹಾಕಿ, ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು ಬರೆದಿಡುತ್ತಿದ್ದೆ.

ಸಣ್ಣಕ್ಕನ ಕೆಂಪಿಯನ್ನು ಇನ್ನೊಂದು ಹಸು ತಿವಿದು ಕರುಳು ಚರ್ಮದಡಿ ಇಳಿದಿತ್ತು. ಕೆಂಪಿ ಗಬ್ಬವಾಗಿತ್ತು. ತೇಪೆ ಬಿಚ್ಚಿಕೊಂಡರೆ ತಾಯಿ, ಕರು ಎರಡೂ ಹೋದಂತೆಯೇ. ನಾನು ನೈಲಾನ್ ಬಟ್ಟೆ ಆರಿಸಿ ಕತ್ತರಿಸಿಕೊಂಡೆ. ಉಳಿದ ಚೂರೊಂದನ್ನು ಸಣ್ಣಕ್ಕ ಬಿಸಿಲಿಗೆ ಹಿಡಿದು, ಎಳೆಯನ್ನು ಉಗುರಿನಿಂದ ಜಗ್ಗಿ, ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ ಎಂದಳು. ಇದೇನು ಕಂಬಳಿಯೇ ಎಂದು ನಕ್ಕೆ. ರಕ್ತ ನೋಡಲಾರೆನೆಂದು ಆಕೆ ಆಚೆ ಹೋದಳು. ಒಳಗೆ ಎಷ್ಟು ಹೊಲಿಗೆ, ಎಲ್ಲೆಲ್ಲಿ ಎಂದು ಬಲ್ಲವನು ನಾನೊಬ್ಬನೇ.

ಹತ್ತು ದಿನ ಹಸು ಚೆನ್ನಾಗಿತ್ತು. ಗಾಯ ಒಣಗಿ, ಹೊರಗಿನ ಹೊಲಿಗೆ ಬಿಚ್ಚಿ ಬಂದಿದ್ದೆ. ಮರುದಿನ ಸುಡು ಮಧ್ಯಾಹ್ನ ಸಣ್ಣಕ್ಕ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಮಗ್ಗದಲ್ಲಿ ಒಂದೇ ಕಡೆ ಎಳೆ ಕಡಿಯುತ್ತಿತ್ತಂತೆ.

"ಒಳ್ಗೆ ಮುಂಗಾಲಿನ ಕಡೆಯಿಂದ ಮೂರ್ನೇ ಹೊಲಿಗೆ ಬಿಚ್ಕಂಡೈತೆ ಸಾಮಿ. ಬಂದ್ ನೋಡು."

ರೇಗಿಹೋಯಿತು. ಆದರೂ ಹೋದೆ. ಕೆಂಪಿ ಮೇವು ತಿನ್ನುತ್ತಿತ್ತು. ಮುಟ್ಟಿದರೆ ಹೊಟ್ಟೆ ಗಟ್ಟಿ. ಚೆನ್ನಾಗಿರುವ ಗಬ್ಬದ ಹಸುವನ್ನು ಮತ್ತೆ ಕೊಯ್ಯುವುದೆಂದರೆ ಹುಡುಗಾಟವೇ? ಆದರೆ ರಕ್ತ ನೋಡಲಾರದ ಸಣ್ಣಕ್ಕ ಈ ಸಲ ತಾನೇ ಹಗ್ಗ ಹಿಡಿದು ನಿಂತಿದ್ದಳು. ಯಾಕೋ ಒಪ್ಪಿಬಿಟ್ಟೆ.

ತೆರೆದೆ. ಉಳಿದ ಹೊಲಿಗೆಗಳೆಲ್ಲ ಸರಿಯಾಗಿದ್ದವು. ಮೂರನೆಯದರ ಬಳಿ ಮಾತ್ರ ಬಟ್ಟೆಯ ಅಂಚು ಎಳೆಎಳೆಯಾಗಿ ಬಿಟ್ಟು, ಬೆರಳು ತೂರುವಷ್ಟು ಸಂದಾಗಿತ್ತು. ಕರುಳು ಇನ್ನೂ ನುಗ್ಗಿರಲಿಲ್ಲ. ನೈಲಾನ್ ಕಿತ್ತು ಹೆಣೆದ ಜಾಲರಿ ಹಾಕಿದೆ. ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಎಣಿಸಿದೆ, ಸುಳ್ಳೇಕೆ ಹೇಳಲಿ.

ಅಂಚು ಬಿಚ್ಚೀತೆಂದು ನೇಯುವವಳಿಗೆ ತಿಳಿದದ್ದು ಸರಿ. ಮೂರನೆಯದೇ ಎಂದು ಹೇಗೆ ತಿಳಿಯಿತು? ಕೇಳಿಯೇಬಿಟ್ಟೆ.

"ನಂಗೇನ್ ಗೊತ್ತು ಸಾಮಿ, ಕೈಗೆ ಗೊತ್ತಾತು" ಎಂದು ಕಾಫಿ ಕಾಯಿಸಲು ಒಳಗೆ ಹೋದಳು.

ಕೆಂಪಿ ಹೆಣ್ಣುಗರು ಹಾಕಿತು. ಸಣ್ಣಕ್ಕ ಈಗಿಲ್ಲ. ಆ ಬೀದಿಯಲ್ಲಿ ಹೋದಾಗ ಮಗ್ಗದ ಸದ್ದು ಕೇಳದೆ ಸಂಕಟವಾಗುತ್ತದೆ. ನೋಟ್‌ಬುಕ್ ಮಾತ್ರ ನನ್ನ ಹತ್ತಿರವಿದೆ. ನೈಲಾನ್ ಸಾಲಿನಲ್ಲಿ 'ಅಂಚು ಬಿಚ್ಚಿದೆ' ಎಂದಿದೆ. ಗೊತ್ತಾದದ್ದು ಹೇಗೆ ಎಂಬ ಕಾಲಮ್ಮಿನಲ್ಲಿ ಅಂದು ನಾಚಿಕೆಯಿಂದ 'ಮುಟ್ಟಿ ನೋಡಿದಾಗ' ಎಂದು ಸುಳ್ಳು ಬರೆದಿದ್ದೆ. ಮೊನ್ನೆ ಅದನ್ನು ಹೊಡೆದು ಹಾಕಿ 'ಸಣ್ಣಕ್ಕ ಹೇಳಿದ್ದು' ಎಂದು ಬರೆದೆ. ಅದಕ್ಕಿಂತ ಹೆಚ್ಚು ನನಗೆ ಇಂದಿಗೂ ತಿಳಿದಿಲ್ಲ.