ಮಾಳಿಗೆ ಗಾಳೆಪ್ಪನ ನಾಲಿಗೆ

ಯಲಬುರ್ಗಾದಲ್ಲಿ ಮಾಳಿಗೆಗೆ ಮಣ್ಣು ಹಾಕಿಸಬೇಕೆಂದರೆ ಗಾಳೆಪ್ಪನೇ ಬರಬೇಕಿತ್ತು. ಜಂತಿಯ ಮೇಲೆ ತೊಪ್ಪಲು ಹಾಸಿ, ಮೊಳದಷ್ಟು ಮಣ್ಣು ತುಳಿದು, ಕಡೆಗೆ ಸವಳು ಮಣ್ಣು ಹರವಿದರೆ ಬೇಸಿಗೆಗೆ ಒಳಗೆ ತಂಪು, ಮಳೆಗೆ ಹನಿ ನೀರು ಇಳಿಯದು. ಆದರೆ ಸವಳಿನಲ್ಲಿ ಉಪ್ಪು ಸರಿಯಾಗಿರಬೇಕು, ಸಪ್ಪಗಿದ್ದರೆ ಸೋರುತ್ತದೆ. ಅದನ್ನು ಗಾಳೆಪ್ಪ ಚಿಟಿಕೆ ಮಣ್ಣು ನಾಲಿಗೆಗಿಟ್ಟು ಹೇಳುತ್ತಿದ್ದ. “ಎಲ್ಲಾರದೂ ಕೈ ಕೆಸರಾದ್ರ ಬಾಯಿ ಮೊಸರು. ಇವಂದು ನೋಡ್ರಿ, ಬಾಯೂ ಕೆಸರು!” ಎಂದು ಜನ ನಗುತ್ತಿದ್ದರು. ನಕ್ಕವರೇ ಮಳೆಗಾಲಕ್ಕೆ ಮುಂಚೆ ಅವನ ಬಾಗಿಲಿಗೆ ಬರುತ್ತಿದ್ದರು.

ಮಹಾಯುದ್ಧ ಮುಗಿದ ವರ್ಷ ಅವನಿಗೆ ಚಳಿಜ್ವರ ಬಂತು. ತಿಂಗಳೊಪ್ಪತ್ತು ಮಲಗಿ ಎದ್ದ. ಜೀವ ಉಳಿಯಿತು, ನಾಲಿಗೆಯ ರುಚಿ ಸತ್ತಿತ್ತು. ಬೆಲ್ಲವೂ ಒಂದೇ, ಬೇವೂ ಒಂದೇ. ಇದನ್ನವನು ಯಾರಿಗೂ ಹೇಳಲಿಲ್ಲ, ಜತೆಗೆ ಬುಟ್ಟಿ ಹೊರುವ ಹೆಂಡತಿ ಹೊಳಿಯಮ್ಮನಿಗೂ ಹೇಳಲಿಲ್ಲ. ಹೇಳಿದರೆ ಯಾರು ಕರೆದಾರು? ಹೊಲವಿಲ್ಲ, ಬೇರೆ ಕಸುಬು ಬರದು.

ಮರುಬೇಸಿಗೆ ಹತ್ತಿ ವ್ಯಾಪಾರಿ ಅಂದಪ್ಪನವರು ಹೊಸ ಮನೆ ಕಟ್ಟಿಸುತ್ತಿದ್ದರು. ಎರಡು ಮೊಳ ದಪ್ಪದ ಗೋಡೆ ಎದ್ದಿತ್ತು. ಮೇಲೆ ತಗಡೋ, ಮಣ್ಣೋ?

“ಗಾಳೆಪ್ಪಾ, ಖರೇ ಹೇಳು. ನಮ್ಮವ್ವಗ ಧಗಿ ತಡಿಯೂದಿಲ್ಲ. ಆದ್ರ ತಗಡು ಹಾಕಿಸಿದ್ರ ಸೋರೂ ಕಾಟ ಇಲ್ಲ ನೋಡು.”

“ತಗಡಿನ ಬುಡಕ ಅವ್ವಾರು ರೊಟ್ಟಿ ಬೆಂದಂಗ ಬೇಯ್ತಾರ್ರಿ, ಸಾವ್ಕಾರ್ರ. ಮಣ್ಣು ಹಾಕಸ್ರಿ. ಒಂದು ಹನಿ ಸೋರಿದ್ರ ನಾ ಮತ್ತ ಯಾರ ಮಾಳಗಿನೂ ಹತ್ತೂದಿಲ್ಲ.”

ಧಗೆಯ ಮಾತು ನಿಜವೇ. ಆ ಪಂತ ಯಾಕೆ ಬೇಕಿತ್ತೋ ಪುಣ್ಯಾತ್ಮನಿಗೆ! ಹಳ್ಳದ ದಂಡೆಯಲ್ಲಿ ಮೂರು ಕಡೆ ಅಗೆದು ನೆಕ್ಕಿದ. ಮೂರೂ ಒಂದೇ. ಕಣ್ಣಿಗೆ ಬೆಳ್ಳಗೆ ಕಂಡದ್ದನ್ನು “ಇದು ಛಲೋ ಐತಿ” ಎಂದು ಹೇರಿಸಿದ.

ಮೃಗಶಿರಾ ಮಳೆ ಒಂದೇ ದಿನ ಹೊಡೆಯಿತು. ಅಂದಪ್ಪನವರ ಹೊಸ ಮನೆ ಪಡಸಾಲೆಯಿಂದ ದೇವರಕೋಣೆಯವರೆಗೆ ಸೋರಿತು. ಮುದುಕಿ ಹಾಸಿಗೆ ಸಮೇತ ನೆಂದರು. ಅಂದಪ್ಪನವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಎಂಟು ದಿನದಲ್ಲಿ ತಗಡು ಹೊಂದಿಸಿಕೊಂಡು ಬಂದರು. ಅವರನ್ನು ನೋಡಿ ಇನ್ನಿಬ್ಬರು ತಂದರು. ಗಾಳೆಪ್ಪನ ಬಾಗಿಲಿಗೆ ಆಮೇಲೆ ಯಾರೂ ಬರಲಿಲ್ಲ.

ಕೂತು ಕೂತು ಸಾಕಾಗಿ ಅವನು ಒಂದು ದಿನ ಹೊಳಿಯಮ್ಮನ ಮುಂದೆ ಬಾಯಿಬಿಟ್ಟ. “ನನ್ನ ನಾಲಿಗಿ ಹೋಗೇತಿ. ಜ್ವರ ಬಂದಾಗಿಂದ.”

“ಗೊತ್ತೈತಿ,” ಎಂದಳು ಆಕೆ. “ಒಂದಿನ ಸಾರಿಗೆ ಉಪ್ಪು ಹಾಕೂದು ಮರ್ತಿದ್ದೆ. ಉಪ್ಪು ಕಡಿಮಿ ಆದ್ರ ಗಂಗಾಳ ಒಗಿಯಾಂವ ನೀ, ಸುಮ್ನ ಉಂಡಿ. ಮರುದಿನ ಬೇಕಂತನ ಹಾಕಲಿಲ್ಲ. ಅವತ್ತೂ ಉಂಡಿ.”

ಗಾಳೆಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಗೊತ್ತಿದ್ದೂ ಬಾಯಿ ಮುಚ್ಕೊಂಡು ಕುಂತಿ? ಹಳ್ಳಕ್ಕ ನೀನೂ ಬಂದಿದ್ದಿ. ಆ ಮಣ್ಣು ನೀನರ ನೆಕ್ಕಿ ನೋಡಬಾರದಿತ್ತೇನ?”

“ನೆಕ್ಕಿದ್ದೆ. ಸಪ್ಪಗಿತ್ತು. ಹೇಳಾಕಂತ ನಿನ್ನ ಕಡೆ ಬಂದೆ. ನಾಕು ಮಂದಿ ಆಳಿನ ಮುಂದ ‘ಬುಟ್ಟಿ ಹೊತ್ಕೊಂಡು ನಡಿ’ ಅಂದಿ. ಹೊತ್ಕೊಂಡು ನಡದೆ.”